ವಿಮೆಯ ಪತ್ರದಲ್ಲಿ ಯಾರ ಹೆಸರಿದೆ?



ದೀಪಾವಳಿ ಬಂತೆಂದರೆ ನಾವು ವ್ಯಾಪಾರಸ್ಥರು ಕಿರ್ದಿ-ಖತಾವಣಿ ಮುಂದಿಟ್ಟುಕೊಂಡು, ಬರಬೇಕಾದ ಉದ್ರಿ ಎಷ್ಟು, ಕೊಡಬೇಕಾದದ್ದು ಎಷ್ಟು ಎಂದು ಪೈಸೆಗೆ ಪೈಸೆ ತಾಳೆ ನೋಡುತ್ತೇವೆ. ಆದರೆ ತಿಜೋರಿಯ ತಳದಲ್ಲಿರುವ ವಿಮೆಯ ಪಾಲಿಸಿಯನ್ನು ಮಾತ್ರ ಹೊರಗೆ ತೆಗೆಯುವುದಿಲ್ಲ. ಕಂತು ತುಂಬಿದರೆ ಆಯಿತು ಎಂಬ ಭಾವನೆ. ಅದರಲ್ಲಿ ನಾಮಿನಿ ಎಂದು ಯಾರ ಹೆಸರಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟೋ ಜನರಿಗೆ ಥಟ್ಟನೆ ಹೇಳಲಾಗದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮನೆತನಗಳಲ್ಲಿ ಇದನ್ನು ನಾವು ಬಹಳ ಕಡೆ ನೋಡಿದ್ದೇವೆ. ಹುಡುಗ ಗಲ್ಲೆಯ ಮೇಲೆ ಕೂಡಲು ಕಲಿತನೆಂದರೆ ಪರಿಚಯದ ಏಜಂಟರು ಬಂದು ಪಾಲಿಸಿ ಮಾಡಿಸುತ್ತಾರೆ. ಆಗ ಇನ್ನೂ ಮದುವೆಯಾಗಿರುವುದಿಲ್ಲ. ನಾಮಿನಿಯ ಜಾಗದಲ್ಲಿ ಹಿರಿಯಣ್ಣನ ಹೆಸರು ಬೀಳುತ್ತದೆ. ಮುಂದೆ ಮದುವೆಯಾಗಿ ಮಕ್ಕಳಾದರೂ ಆ ಹೆಸರು ಹಾಗೆಯೇ ಉಳಿಯುತ್ತದೆ. ದುರ್ದೈವದಿಂದ ಆ ತಮ್ಮ ತೀರಿಕೊಂಡರೆ ವಿಮೆಯ ಹಣ ಅಣ್ಣನ ಕೈಗೆ ಬರುತ್ತದೆ. ಅಣ್ಣ ಕೆಟ್ಟವನಲ್ಲ. ಮನೆಯ ಹಣವೆಂದು ತಿಳಿದು ಅಂಗಡಿಯ ಖಾತೆಗೆ ಜಮಾ ಮಾಡುತ್ತಾನೆ. ಹತ್ತು ವರ್ಷದ ಮೇಲೆ ಹಿಸ್ಸೆಯ ಮಾತು ಬಂದಾಗ, ಆ ಹಣ ಯಾರದು ಎಂಬ ಪ್ರಶ್ನೆ ಏಳುತ್ತದೆ. ತಮ್ಮನ ಹೆಂಡತಿ ಕೇಳಲು ಅಂಜುತ್ತಾಳೆ, ಬೆಳೆದ ಮಕ್ಕಳು ಕೇಳದೆ ಬಿಡುವುದಿಲ್ಲ. ಒಂದೇ ಒಲೆಯ ಮನೆ ಒಡೆಯಲು ಇಷ್ಟು ಸಾಕು.

ಕಾನೂನು ಇಲ್ಲಿ ಏನು ಹೇಳುತ್ತದೆ? ನಾಮಿನಿ ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ, ಒಡೆತನ ವಾರಸುದಾರರದು ಎಂದು ಸುಪ್ರೀಂ ಕೋರ್ಟು 1983ರಲ್ಲಿಯೇ ಹೇಳಿದೆ. ಜೈನರಾದ ನಮಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ. ಮೃತ್ಯುಪತ್ರ ಬರೆದಿಡದೆ ಗಂಡಸು ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರೆಲ್ಲರಿಗೂ ಸಮಪಾಲು. ಇವರಿರುವಾಗ ಅಣ್ಣನಿಗೆ ಪಾಲಿಲ್ಲ.

2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿಯಾಯಿತು. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಲಾಭವೂ ಅವರಿಗೇ ಎಂದು ಬರೆಯಲಾಯಿತು. ಅಣ್ಣತಮ್ಮಂದಿರು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವವರಿಗೂ ತಕರಾರು ತಪ್ಪಿಲ್ಲ. ಮದುವೆಗೆ ಮೊದಲು ತಾಯಿಯ ಹೆಸರು ಬರೆಸಿ, ಆಮೇಲೆ ಬದಲಿಸದೆ ತೀರಿಹೋದವರೊಬ್ಬರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2025ರಲ್ಲಿ ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಎಂದಿತು. ಈ ವಿಷಯದಲ್ಲಿ ಎಲ್ಲ ನ್ಯಾಯಾಲಯಗಳ ಅಭಿಪ್ರಾಯ ಒಂದೇ ಆಗಿಲ್ಲ. ಆದ್ದರಿಂದ ನಾಮಿನಿಯ ಹೆಸರು ಮತ್ತು ಮೃತ್ಯುಪತ್ರ ಎರಡೂ ಒಂದೇ ಮಾತು ಹೇಳುವಂತೆ ಇಡುವುದು ಜಾಣತನ.

ಹೆಸರು ಬದಲಿಸುವುದು ಕಷ್ಟದ ಕೆಲಸವಲ್ಲ. ಪಾಲಿಸಿಯ ಅವಧಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕಂಪನಿಗೆ ಅರ್ಜಿ ಕೊಡಬಹುದು. ಬದಲಾವಣೆ ದಾಖಲಾದ ಬಗ್ಗೆ ಬರಹದಲ್ಲಿ ಪತ್ರ ಪಡೆಯಲು ಮರೆಯಬೇಡಿರಿ. ನಾಮಿನಿ ಚಿಕ್ಕ ಮಗುವಾಗಿದ್ದರೆ ಹಣ ಸ್ವೀಕರಿಸಲು ದೊಡ್ಡವರೊಬ್ಬರನ್ನು ನೇಮಿಸಬೇಕು. ಪಾಲಿಸಿಯನ್ನು ಬ್ಯಾಂಕಿಗೆ ಒತ್ತೆಯಿಟ್ಟಿದ್ದರೆ, ಸಾಲ ತೀರಿದ ಮೇಲೆ ಅದು ತಿರುಗಿ ನಿಮ್ಮ ಹೆಸರಿಗೆ ಬಂತೇ, ನಾಮಿನಿಯ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳಿರಿ.

ವ್ಯಾಪಾರಸ್ಥರು ತಿಳಿಯಬೇಕಾದ ಇನ್ನೊಂದು ಮಾತಿದೆ. ಅಂಗಡಿ ಎಂದ ಮೇಲೆ ಸಾಲ ಇದ್ದದ್ದೇ. ಯಜಮಾನ ಹೋದನೆಂದರೆ ಸೂತಕ ಕಳೆಯುವ ಮೊದಲೇ ಸಾಲಗಾರರು ಬಾಗಿಲಿಗೆ ಬರುವುದುಂಟು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಮದುವೆಯಾದ ಗಂಡಸು ಹೆಂಡತಿ ಮಕ್ಕಳ ಹಿತಕ್ಕೆಂದು ಪಾಲಿಸಿ ಮಾಡಿಸಿದರೆ, ಆ ಹಣ ಅವರ ಪಾಲಿನ ಟ್ರಸ್ಟ್ ಆಗುತ್ತದೆ. ಗಂಡನ ಸಾಲಗಾರರಿಗೆ ಅದರ ಮೇಲೆ ಹಕ್ಕಿಲ್ಲ. ಈ ಕಲಮಿನಲ್ಲಿ ಹಿಂದೂ, ಮುಸಲ್ಮಾನ, ಸಿಖ್ಖರ ಜೊತೆಗೆ ಜೈನರ ಹೆಸರನ್ನೂ ಬಿಡಿಸಿ ಬರೆಯಲಾಗಿದೆ. ಆದರೆ ಪಾಲಿಸಿ ಮಾಡಿಸುವಾಗಲೇ ಹೀಗೆಂದು ಬರೆಸಬೇಕು, ಹಳೆಯ ಪಾಲಿಸಿಗೆ ಇದು ನಡೆಯದು. ಒಮ್ಮೆ ಬರೆಸಿದ ಮೇಲೆ ಅದು ನಮ್ಮ ಹಣವಲ್ಲ, ಅಂಗಡಿಯ ಅಡಚಣೆಗೆ ಮುರಿಸಿಕೊಳ್ಳಲು ಬಾರದು. ಸಾಲಗಾರರಿಗೆ ಮೋಸ ಮಾಡಲೆಂದೇ ಮಾಡಿಸಿದ ಪಾಲಿಸಿಗೆ ಈ ರಕ್ಷಣೆಯೂ ಇಲ್ಲ. ಅದು ಸರಿಯೇ.

ಇನ್ನು ಹಣ ಕೇಳುವ ರೀತಿ. ಕ್ಲೇಮಿನ ಫಾರ್ಮು, ಮೂಲ ಪಾಲಿಸಿ, ಮರಣದ ದಾಖಲೆ, ನಾಮಿನಿಯ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಇಷ್ಟು ಮುಖ್ಯ. ಅಪಘಾತವಾಗಿದ್ದರೆ ಪೊಲೀಸ್ ವರದಿ, ಶವ ಪರೀಕ್ಷೆಯ ವರದಿ ಬೇಕಾಗುತ್ತವೆ. ಗಡಿಭಾಗದ ನಮಗೆ ತೊಂದರೆ ಕೊಡುವುದು ಹೆಸರು. ಶಾಲೆಯ ದಾಖಲೆ ಕನ್ನಡದಲ್ಲಿ ಒಂದು ರೀತಿ, ಮರಾಠಿ ಕಾಗದದಲ್ಲಿ ಇನ್ನೊಂದು ರೀತಿ. ಸೊಸೆಗೆ ಮದುವೆಯಲ್ಲಿ ಹೊಸ ಹೆಸರಿಟ್ಟಿದ್ದರಂತೂ ಪಾಲಿಸಿಯಲ್ಲಿರುವವಳು ಇವಳೇ ಎಂದು ತೋರಿಸಲು ಓಡಾಟ. ಆಧಾರ್, ಪಾಸ್‌ಬುಕ್ಕು, ಪಾಲಿಸಿ ಮೂರರಲ್ಲಿಯೂ ಹೆಸರು ಒಂದೇ ಇರಲಿ.

ಪಾಲಿಸಿ ಶುರುವಾಗಿ 3 ವರ್ಷ ಕಳೆದ ಮೇಲೆ, ಅರ್ಜಿಯಲ್ಲಿ ಅದು ಬರೆದಿಲ್ಲ, ಇದು ಮುಚ್ಚಿಟ್ಟಿದ್ದಾರೆ ಎಂದು ಕಂಪನಿ ಪಾಲಿಸಿಯನ್ನೇ ಪ್ರಶ್ನಿಸುವಂತಿಲ್ಲ. ಕಂಪನಿ ಹಣ ನಿರಾಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಅಲ್ಲಿ ಫೀ ಇಲ್ಲ, ವಕೀಲರೂ ಬೇಡ. ಸೊಲ್ಲಾಪುರ ಸೀಮೆಯವರಿಗೆ ಪುಣೆಯ ಕಚೇರಿ, ಕಾಸರಗೋಡು, ವಯನಾಡಿನ ಬಂಧುಗಳಿಗೆ ಕೊಚ್ಚಿಯ ಕಚೇರಿ.

ಆದರೆ ಮನೆಯವರಿಗೆ ಪಾಲಿಸಿ ಇದೆ ಎಂಬುದೇ ಗೊತ್ತಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಸಾವಿನ ಮಾತು ಆಡಬಾರದೆಂದು ನಮ್ಮ ಹಿರಿಯರು ಹೆಂಗಸರ ಮುಂದೆ ಇದನ್ನು ತೆಗೆಯುತ್ತಿರಲಿಲ್ಲ. ಆ ಸಂಕೋಚ ಇನ್ನು ಸಾಕು. ಬರುವ ರವಿವಾರ ಊಟವಾದ ಮೇಲೆ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು, ಪಾಲಿಸಿಯ ನಂಬರು, ಕಂಪನಿಯ ಶಾಖೆ, ಕಂತಿನ ತಾರೀಖು, ನಾಮಿನಿಯ ಹೆಸರು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿರಿ. ಹಿರಿಯಣ್ಣಂದಿರಲ್ಲಿ ನಮ್ಮದೊಂದು ವಿನಂತಿ: ತಮ್ಮನ ಪಾಲಿಸಿಯಲ್ಲಿ ನಿಮ್ಮ ಹೆಸರಿದ್ದರೆ, ಬದಲಿಸು ಎಂದು ನೀವೇ ಮೊದಲು ಹೇಳಿರಿ. ಅವನಾಗಿ ಕೇಳಲಾರ.