ವಿದ್ಯುತ್ ಕಾರಿಗೊಂದು ಸ್ವಂತ ಸಿಂಗಾರ

ದೀಪಾವಳಿ ಬಂತೆಂದರೆ ಹಾನಗಲ್ಲ, ಹಿರೇಕೆರೂರ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳ ಸಂಭ್ರಮ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲ. ಕಣದಲ್ಲಿ ಎಷ್ಟೇ ಹೋರಿಗಳಿರಲಿ, 'ಅದು ನಮ್ಮದು' ಎಂದು ದೂರದಿಂದಲೇ ಗುರುತು ಸಿಗಬೇಕು. ಆದರೆ ಯಾವ ರೈತನೂ ಕಾಲಿಗೆ ತೊಡರುವಂತೆ ಹೋರಿಯನ್ನು ಸಿಂಗರಿಸುವುದಿಲ್ಲ. ಸಿಂಗಾರ ಓಟಕ್ಕೆ ಅಡ್ಡಿಯಾಗಬಾರದು ಎಂಬುದು ಅವನಿಗೆ ಗೊತ್ತು.

ಈ ಮಾತು ಕಾರಿಗೂ ಸಲ್ಲುತ್ತದೆ. ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳು ಈಗ ತಾಲ್ಲೂಕು ಊರುಗಳನ್ನೂ ಮುಟ್ಟಿವೆ. ಸಾಲ ಮಾಡಿ ಕೊಂಡ ಕಾರಿಗೆ ತನ್ನದೇ ಒಂದು ಚಹರೆ ಇರಲಿ ಎಂಬ ಆಸೆ ಸಹಜ. ಅದಕ್ಕೆ ಲಕ್ಷ ರೂಪಾಯಿ ಬೇಕಿಲ್ಲ. ಬೇಕಾದದ್ದು ಸ್ವಲ್ಪ ಅಭಿರುಚಿ, ಸ್ವಲ್ಪ ವಿಜ್ಞಾನ.

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ 'ರೇವಾ' ಕಾರನ್ನು ಹಲವರು ಕಂಡಿರಬಹುದು. ಅದರ ಹೊರಮೈ ತಗಡಿನದಲ್ಲ. ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಎಬಿಎಸ್ ಎಂಬ ಪ್ಲಾಸ್ಟಿಕ್ ಹಾಳೆಗಳು. ಬಣ್ಣವನ್ನು ಮೇಲೆ ಬಳಿಯದೆ ಪ್ಲಾಸ್ಟಿಕ್ಕಿನಲ್ಲೇ ಬೆರೆಸಿದ್ದರಿಂದ ಗೀರು ಬಿದ್ದರೂ ಒಳಗಿನಿಂದ ಬೇರೆ ಬಣ್ಣ ಇಣುಕುತ್ತಿರಲಿಲ್ಲ, ತುಕ್ಕಿನ ಭಯವೂ ಇರಲಿಲ್ಲ. ಇಂದಿನ ಕಾರುಗಳ ಮೈ ಬಹುಪಾಲು ಉಕ್ಕಿನದು. ಆದ್ದರಿಂದ ಇರುವ ಬಣ್ಣವನ್ನು ಕಾಪಾಡುವುದೇ ಮೊದಲ ಸಿಂಗಾರ. ನಮ್ಮ ಹಾದಿಯ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಅವು ಬಣ್ಣಕ್ಕಿಂತ ಎಷ್ಟೋ ಗಡಸು. ಒಣ ಬಟ್ಟೆಯಿಂದ ಒರೆಸಿದರೆ ಉಪ್ಪುಕಾಗದದಿಂದ ಉಜ್ಜಿದಂತೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಮೆತ್ತನೆಯ ಬಟ್ಟೆ ಆಡಿಸಬೇಕು. ಇದಕ್ಕೆ ಖರ್ಚು ಒಂದು ಕೊಡ ನೀರು.

ಎರಡನೆಯದು ಛಾವಣಿ. ಸವಣೂರಿನ ದೊಡ್ಡಹುಣಸೆ ಮರಗಳಂಥ ನೆರಳು ಎಲ್ಲ ಕಾರುಗಳಿಗೂ ಸಿಗುವುದಿಲ್ಲ. ಕಪ್ಪು, ಕಡುನೀಲಿ ಬಣ್ಣಗಳು ಬಿಸಿಲನ್ನು ಹೀರುತ್ತವೆ. ಬಿಳಿ ಅದನ್ನು ಹಿಂದಕ್ಕೆ ಚೆಲ್ಲುತ್ತದೆ. ಗಾಢ ಬಣ್ಣದ ಕಾರಿನ ಛಾವಣಿಗಷ್ಟೇ ಬಿಳಿ ವಿನೈಲ್ ಹಾಳೆ ಅಂಟಿಸಿದರೆ ನೋಟಕ್ಕೆ ಎರಡು ಬಣ್ಣದ ಚೆಲುವು, ಒಳಗೆ ಕಡಿಮೆ ಧಗೆ. ವಿದ್ಯುತ್ ಕಾರಿನಲ್ಲಿ ಇದರ ಲೆಕ್ಕ ಸ್ಪಷ್ಟ. ಏಸಿ ಒಂದು ಗಂಟೆಯಲ್ಲಿ ಒಂದು ಯೂನಿಟ್ ತಿಂದರೆ, ಸಣ್ಣ ಕಾರು ಆರೇಳು ಕಿಲೋಮೀಟರ್ ಓಡಬಹುದಾದಷ್ಟು ಕರೆಂಟು ಹೋಯಿತೆಂದೇ ಅರ್ಥ. ಕಾರು ಬೇಡವೆನಿಸಿದಾಗ ವಿನೈಲ್ ಹಾಳೆಯನ್ನು ಕಿತ್ತರೆ ಮೂಲ ಬಣ್ಣ ಹಾಗೆಯೇ ಇರುತ್ತದೆ.

ಮೂರನೆಯದು ಊರೂರಿಗೂ ಇರುವ 'ರೇಡಿಯಂ' ಅಂಗಡಿ. ಹೆಸರು ರೇಡಿಯಂ ಆದರೂ ಆ ಸ್ಟಿಕ್ಕರಿನಲ್ಲಿ ರೇಡಿಯಂ ಧಾತು ಕಿಂಚಿತ್ತೂ ಇಲ್ಲ. ಅದರಲ್ಲಿರುವುದು ಗಾಜಿನ ಸೂಕ್ಷ್ಮ ಮಣಿಗಳು ಅಥವಾ ಪುಟ್ಟ ಪಟ್ಟಕಗಳು. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವುದು ಇವುಗಳ ಗುಣ. ಕಾರಿನ ಅಂಚಿಗೆ ಬಳ್ಳಿಯಂತೆ, ರಂಗೋಲಿಯ ಎಳೆಯಂತೆ ಕತ್ತರಿಸಿ ಅಂಟಿಸಿದರೆ ಹಗಲು ಅಲಂಕಾರ, ಇರುಳು ರಕ್ಷಣೆ. ಕೆಂಪು ಬಣ್ಣ ಹಿಂಬದಿಗೆ ಮಾತ್ರ ಇರಲಿ. ಬಂಪರಿನ ಮೇಲಿನ ಗುಂಡಿಯಂಥ ಸೆನ್ಸರುಗಳ ಮೇಲೆ, ಕ್ಯಾಮೆರಾದ ಮೇಲೆ ಸ್ಟಿಕ್ಕರ್ ಬೀಳದಿರಲಿ. ಬಿದ್ದರೆ ಕಾರಿನ ಕಣ್ಣು ಕಟ್ಟಿದಂತೆ.

ಒಳಾಂಗಣಕ್ಕೆ ನಮ್ಮ ಕೌದಿಗಿಂತ ಚೆಂದದ್ದು ಯಾವುದಿದೆ? ಹಳೆಯ ಸೀರೆಗಳನ್ನು ತುಂಡು ತುಂಡು ಜೋಡಿಸಿ ಅಜ್ಜಿ ಹೊಲಿದ ಕೌದಿಯ ಮಾದರಿಯಲ್ಲಿ ಸೀಟಿನ ಹೊದಿಕೆ ಮಾಡಿಸಿದರೆ ಅದರ ಜೋಡಿ ಇನ್ನೊಂದು ಎಲ್ಲೂ ಸಿಗದು. ನೂಲಿನ ಬಟ್ಟೆ ಬೆವರನ್ನೂ ಹೀರುತ್ತದೆ. ಆದರೆ ಅನೇಕ ಕಾರುಗಳ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುತ್ತದೆ. ಆ ಗುರುತಿರುವ ಕಡೆ ಬಟ್ಟೆ ಮುಚ್ಚಬಾರದು. ಅಪಘಾತವಾದಾಗ ಅದು ಕ್ಷಣಾರ್ಧದಲ್ಲಿ ಹೊರಬರಬೇಕು. ಅಂಥ ಸೀಟಿಗೆ ಕೂರುವ ಭಾಗಕ್ಕಷ್ಟೇ ಕೌದಿ ಸಾಕು.

ಇನ್ನು ಮಾಡಬಾರದವು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 40ರಿಂದ 80 ಕಿಲೋಮೀಟರಿಗೆ ಏರಿದರೆ ತಡೆ ನಾಲ್ಕು ಪಟ್ಟು. ಶಿಗ್ಗಾವಿ ಮೇಲೆ ಹಾಯುವ ಹೆದ್ದಾರಿಯಲ್ಲಿ ಶೋಕಿಗೆ ಹಾಕಿದ ಖಾಲಿ ಕ್ಯಾರಿಯರ್, ಅಗಲದ ಟೈರು ಎರಡೂ ಒಂದು ಚಾರ್ಜಿಗೆ ಓಡುವ ದೂರವನ್ನು ಕಡಿಮೆ ಮಾಡುತ್ತವೆ. ಚಪ್ಪಟೆಯಾದ ಪ್ಲಾಸ್ಟಿಕ್ ವೀಲ್ ಕ್ಯಾಪ್ ಅಗ್ಗ, ಗಾಳಿಗೂ ಹಿತ. ಕಾರನ್ನು ತಗ್ಗಿಸುವ ಗೋಜು ಬೇಡ. ಬ್ಯಾಟರಿ ಇರುವುದು ನೆಲದಡಿಯಲ್ಲೇ. ಹಂಪಿಗೆ ಅದು ತಾಗಿದರೆ ನಷ್ಟ ಸಿಂಗಾರದ ಖರ್ಚಿನ ನೂರು ಪಟ್ಟು.

ಬಣ್ಣದ ದೀಪಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದೊಡ್ಡ ಬ್ಯಾಟರಿಯ ಜೊತೆಗೆ ವಿದ್ಯುತ್ ಕಾರಿನಲ್ಲಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ಕಾರನ್ನು ಎಚ್ಚರಿಸುವುದು ಅದೇ. ಅದರಿಂದ ಕಳ್ಳ ವೈರು ಎಳೆದು ದೀಪ ಉರಿಸಿ ಅದು ಬರಿದಾದರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಮಿಸುಕದು. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ. ಬೀದಿಬದಿಯ ಮೆಕ್ಯಾನಿಕ್ ಅವನ್ನು ಮುಟ್ಟಿದರೆ ಹೋಗುವುದು ವಾರಂಟಿಯಷ್ಟೇ ಅಲ್ಲ, ಪ್ರಾಣ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ದೀಪವೇ ಸಾಕು.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಆರ್‌ಸಿ ಪುಸ್ತಕದಲ್ಲಿ ಬರೆದದ್ದಕ್ಕೆ ವಾಹನ ವಿರುದ್ಧವಾಗಿರಬಾರದು. ಬಣ್ಣವೂ ಅದರಲ್ಲಿ ದಾಖಲಾಗಿರುವುದರಿಂದ ಇಡೀ ಕಾರಿನ ಬಣ್ಣ ಬದಲಿಸುವ ಮೊದಲು ಹಾವೇರಿಯ ಆರ್‌ಟಿಒ ಕಚೇರಿಗೆ ಹೋಗಿಬರಬೇಕು. ಛಾವಣಿಗೆ ಹಾಳೆ ಅಂಟಿಸುವಾಗಲೂ ಒಂದು ಮಾತು ಕೇಳುವುದು ಲೇಸು. ಮುಂದಿನ ಕಬ್ಬಿಣದ ಗಾರ್ಡನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. 2018ರಿಂದ ಬಂದ ಹಸಿರು ನಂಬರ್ ಪ್ಲೇಟಿನ ಮೇಲೆ ಯಾವ ಚಿತ್ತಾರವೂ ಸಲ್ಲದು. ಆ ಹಸಿರು ಫಲಕವೇ ಕಾರಿಗೆ ಸರ್ಕಾರ ಕೊಟ್ಟ ಪುಕ್ಕಟೆ ಆಭರಣ!

ಒಟ್ಟಿನಲ್ಲಿ ಬೇಡವಾದಾಗ ತೆಗೆಯಬಹುದಾದ, ವೈರಿಗೂ ಬ್ಯಾಟರಿಗೂ ಕೈ ಹಾಕದ, ಕಾರಿನ ಕಣ್ಣು ಮುಚ್ಚದ ಸಿಂಗಾರವೇ ಒಳ್ಳೆಯ ಸಿಂಗಾರ. ಸಾಲದ ಕಂತು ಮುಗಿಯುವವರೆಗಾದರೂ ಕಾರು ಓಡಬೇಕಲ್ಲವೇ?