ಹೆಸರು ಹೇಳಲೂ ಭಯವೇ?

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೇರಿಕವು ನೂರಾರು ವಲಸಿಗರನ್ನು ಬಂಧಿಸಿತು. ಅವರಲ್ಲಿ ಬಹುಪಾಲು ಅರಬ್ ಹಾಗೂ ದಕ್ಷಿಣ ಏಷ್ಯಾದ ಮುಸ್ಲಿಮರು. ವೀಸಾ ಅವಧಿ ಮೀರಿದ್ದೇ ಮುಂತಾದ ವಲಸೆ ನಿಯಮಗಳ ಉಲ್ಲಂಘನೆ ಅವರ ಮೇಲಿದ್ದ ಆರೋಪ. ಆದರೆ ಬಂಧಿತರು ಯಾರೆಂಬುದನ್ನೇ ಸರಕಾರ ಮುಚ್ಚಿಟ್ಟಿತು. ಆಗ ಸೆಂಟರ್ ಫಾರ್ ನ್ಯಾಷನಲ್ ಸೆಕ್ಯುರಿಟಿ ಸ್ಟಡೀಸ್ ಸಹಿತ ಇಪ್ಪತ್ತಕ್ಕೂ ಹೆಚ್ಚು ಸಂಘಟನೆಗಳು 1966ರ ಮಾಹಿತಿ ಸ್ವಾತಂತ್ರ್ಯ ಕಾನೂನಿನಡಿ ನ್ಯಾಯಾಂಗ ಇಲಾಖೆಯ ವಿರುದ್ಧ ದಾವೆ ಹೂಡಿದವು.

ಹೆಸರು ಬಹಿರಂಗವಾದರೆ ಅಲ್‌ಖಾಯಿದಾ ತನಿಖೆಯ ಜಾಡು ಹಿಡಿಯುತ್ತದೆಂಬುದು ಸರಕಾರದ ವಾದ. ಬಂಧಿತರು ತಮ್ಮ ಬಂಧನವನ್ನು ವಕೀಲರಿಗೂ ಮನೆಯವರಿಗೂ ತಿಳಿಸಲು ಸ್ವತಂತ್ರರು ಎಂದದ್ದೂ ಇದೇ ಸರಕಾರ! ಹಾಗಾದರೆ ಈ ಗುಟ್ಟು ಯಾರಿಂದ? ಭಯೋತ್ಪಾದಕರಿಂದಲೋ, ಪ್ರಶ್ನಿಸುವ ಪ್ರಜೆಗಳಿಂದಲೋ? ಸಾಲದ್ದಕ್ಕೆ ಬಂಧಿತರ ಖಾಸಗಿತನವನ್ನು ಕಾಪಾಡುವ ಕಾಳಜಿ ಬೇರೆ. ಸೆರೆಮನೆಗೆ ತಳ್ಳುವಾಗ ಈ ಕಾಳಜಿ ಎಲ್ಲಿತ್ತು?

2002ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಹೆಸರುಗಳನ್ನು ಬಹಿರಂಗಪಡಿಸಲು ಆದೇಶಿಸಿದರು. 2003ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಮೂವರಲ್ಲಿ ಇಬ್ಬರ ಬಹುಮತದಿಂದ ಅದನ್ನು ರದ್ದುಪಡಿಸಿತು. ಅದೇ ತಿಂಗಳು ನ್ಯಾಯಾಂಗ ಇಲಾಖೆಯದೇ ಇನ್‌ಸ್ಪೆಕ್ಟರ್ ಜನರಲ್ ವರದಿ ಹೊರಬಿತ್ತು. ವಲಸೆ ಆರೋಪದ ಮೇಲೆ ಬಂಧಿಸಲ್ಪಟ್ಟವರು 762 ಮಂದಿ. ಭಯೋತ್ಪಾದನೆಯ ನಂಟಿಲ್ಲವೆಂದು ಒಬ್ಬನನ್ನು ಸಂಶಯಮುಕ್ತಗೊಳಿಸಲು ಎಫ್‌ಬಿಐಗೆ ಬೇಕಾದದ್ದು ಸರಾಸರಿ 80 ದಿನ! ಇಷ್ಟು ತಿಳಿದ ಮೇಲೂ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಮೊಕದ್ದಮೆಯನ್ನು ಆಲಿಸಲು ನಿರಾಕರಿಸಿತು.