ನೀರು ಬರುವ ಮೊದಲೇ ಮಾತು ಬರಬೇಕು

ನಮ್ಮೂರು ಉಕ್ಕಡಗಾತ್ರಿ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಅಮಾವಾಸ್ಯೆಯ ದಿನ ಬರುವ ಜನಜಂಗುಳಿಯಿಂದಾಗಿ ಹೊರಗಿನವರಿಗೂ ಈ ಹೆಸರು ಪರಿಚಿತ. ಊರಿನವರಾದ ನಮಗೆ ಇನ್ನೊಂದು ವಿಷಯವೂ ಗೊತ್ತು. ಮಳೆಗಾಲದಲ್ಲಿ ನದಿ ಉಕ್ಕಿದರೆ ಫತ್ತೇಪುರದ ಕಡೆಗೆ ಹೋಗುವ ರಸ್ತೆ ನೀರಿನಡಿ ಹೋಗುತ್ತದೆ. ಆ ದಿನ ನಾನು ಕಾಲೇಜಿಗೆ ಸುತ್ತಿ ಬಳಸಿ ಬರಬೇಕು, ಇಲ್ಲವೇ ಮನೆಯಲ್ಲೇ ಇರಬೇಕು.

ನೀರು ಹೆಚ್ಚಾಗುವುದು ನಮ್ಮೂರಿನ ಮಳೆಯಿಂದಲ್ಲ. ಮಲೆನಾಡಿನಲ್ಲಿ ಮಳೆ ಸುರಿದು, ಶಿವಮೊಗ್ಗದ ಹತ್ತಿರದ ಗಾಜನೂರು ಅಣೆಕಟ್ಟೆಯಿಂದ ತುಂಗೆಗೂ, ಲಕ್ಕವಳ್ಳಿಯ ಅಣೆಕಟ್ಟೆಯಿಂದ ಭದ್ರೆಗೂ ನೀರು ಬಿಟ್ಟಾಗ, ಕೂಡ್ಲಿಯಲ್ಲಿ ಎರಡೂ ಸೇರಿ ನಮ್ಮ ಕಡೆ ಬರುತ್ತವೆ. ಬಿಟ್ಟ ನೀರು ನಮ್ಮನ್ನು ಮುಟ್ಟಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಸುದ್ದಿ ಬಂದರೆ ದನಕರುಗಳನ್ನು ಮೇಲಕ್ಕೆ ಹೊಡೆಯಬಹುದು, ಪಂಪ್‌ಸೆಟ್ ಬಿಚ್ಚಿ ತರಬಹುದು. ಸುದ್ದಿ ಬರದಿದ್ದರೆ ಅದೇ ನೀರು ಅಷ್ಟನ್ನೂ ಕೊಂಡೊಯ್ಯುತ್ತದೆ. ನೀರು ಎರಡೂ ಸಲ ಅಷ್ಟೇ. ಮೇಲಿದ್ದವನಿಗೆ ಮೊದಲು ಗೊತ್ತಾಗುತ್ತದೆ, ಕೆಳಗಿದ್ದವನಿಗೆ ಮೊದಲು ತಟ್ಟುತ್ತದೆ. ಆದ್ದರಿಂದ ಮೇಲಿದ್ದವನು ಮಾತಾಡಬೇಕು.

ಈ ಮಾತು ನೆನಪಾದದ್ದು ವ್ಯವಹಾರ ಅಧ್ಯಯನದ ತರಗತಿಯಲ್ಲಿ. ‘ನಿರ್ದೇಶನ’ ಎಂಬ ಪಾಠದಲ್ಲಿ ಸಂವಹನದ ಬಗ್ಗೆ ಕೆಲವು ಪುಟಗಳಿವೆ. ಔಪಚಾರಿಕ ಸಂವಹನ, ಅನೌಪಚಾರಿಕ ಸಂವಹನ, ಸಂವಹನಕ್ಕೆ ಅಡೆತಡೆಗಳು ಎಂದು ನಾವೆಲ್ಲ ಅಂಕಕ್ಕಾಗಿ ಬಾಯಿಪಾಠ ಮಾಡುವ ಪುಟಗಳು ಅವು. ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತೇವೆ. ಆದರೆ ಒಂದು ಸಂಸ್ಥೆ ಉಳಿಯುವುದೋ ಉರಿಯುವುದೋ ಎಂಬುದು ಕೆಲವೊಮ್ಮೆ ಈ ಪುಟಗಳ ಮೇಲೆಯೇ ನಿಂತಿರುತ್ತದೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ.

2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದೊಡ್ಡ ಗಲಭೆ ನಡೆಯಿತು. ಆಪಲ್ ಕಂಪನಿಗೆ ಐಫೋನ್ ಜೋಡಿಸಿಕೊಡುವ ಕಾರ್ಖಾನೆ ಅದು. ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನಗಳಿಗೆ ಬೆಂಕಿ ಇಟ್ಟರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಬಾರದು, ನಾನೂ ಸಮರ್ಥಿಸುವುದಿಲ್ಲ. ಆದರೆ ಆ ಬೆಂಕಿಗೆ ಸೌದೆ ಎಲ್ಲಿಂದ ಬಂತು ಎಂದು ಕೇಳದೆ ಪಾಠ ಪೂರ್ತಿಯಾಗುವುದಿಲ್ಲ.

ಕೇಳಿದ್ದು ನಮ್ಮ ರಾಜ್ಯದ ಕಾರ್ಖಾನೆಗಳ ಇಲಾಖೆ. ಅಧಿಕಾರಿಗಳು ತನಿಖೆ ಮಾಡಿದಾಗ ಕಂಡದ್ದು ಇಷ್ಟು. ಸುಮಾರು 5,000 ಇದ್ದ ಕಾರ್ಮಿಕರ ಸಂಖ್ಯೆ ಅಲ್ಪ ಕಾಲದಲ್ಲಿ 10,500ಕ್ಕೆ ಏರಿತ್ತು. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಷ್ಟು ಜನರನ್ನು ನೋಡಿಕೊಳ್ಳುವಷ್ಟು ಮಾನವ ಸಂಪನ್ಮೂಲ ವಿಭಾಗ ಬೆಳೆದಿರಲಿಲ್ಲ. ಅಕ್ಟೋಬರ್‌ನಲ್ಲಿ 8 ಗಂಟೆಯ ಪಾಳಿ 12 ಗಂಟೆಯದಾಯಿತು. ಸಂಬಳ ಎಷ್ಟು ಹೆಚ್ಚುತ್ತದೆ, ಓವರ್‌ಟೈಮ್ ಲೆಕ್ಕ ಹೇಗೆ ಎಂಬುದು ಕಾರ್ಮಿಕರಿಗೆ ಸ್ಪಷ್ಟವಾಗಲಿಲ್ಲ. ಹಾಜರಾತಿ ದಾಖಲಿಸುವ ವ್ಯವಸ್ಥೆಯೂ ಕೆಟ್ಟಿತ್ತು. ಹಾಜರಾತಿ ತಪ್ಪಿದರೆ ಸಂಬಳವೂ ತಪ್ಪುತ್ತದೆ. ಕೈಗೆ ಬಂದ ಹಣ ಕಡಿಮೆ ಏಕೆ ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಕಂಪನಿಯವರೋ ಏಜೆನ್ಸಿಯವರೋ ಎಂಬುದೇ ಗೊಂದಲ.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕೆಲಸದ ಅವಧಿಯಂಥ ಷರತ್ತುಗಳನ್ನು ಬದಲಿಸುವ ಮೊದಲು ಕಾರ್ಮಿಕರಿಗೆ 21 ದಿನಗಳ ನೋಟಿಸ್ ಕೊಡಬೇಕು. ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು: ಮೊದಲೇ ಹೇಳುವುದು ಬರೀ ಸೌಜನ್ಯವಲ್ಲ, ಅದು ಕಾರ್ಮಿಕನ ಹಕ್ಕು.

ಗಲಭೆಯ ನಂತರ ಏನಾಯಿತು ಎಂಬುದು ಇನ್ನೂ ಗಮನಿಸಬೇಕಾದ ಸಂಗತಿ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಿಕ್ಕಿಲ್ಲವೆಂದು ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಈ ಕಂಪನಿಯನ್ನು ನಿಗಾದಲ್ಲಿಟ್ಟು, ಲೋಪ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ಅದರ ಜೊತೆಗೆ ಕಾರ್ಮಿಕರಿಗಾಗಿ 24 ಗಂಟೆಯ ದೂರು ಸಹಾಯವಾಣಿ ಬಂತು. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಹೀಗೆ ಐದು ಭಾಷೆಗಳಲ್ಲಿ, ಹೆಸರು ಹೇಳದೆಯೂ ದೂರಬಹುದಾದ ಸಹಾಯವಾಣಿ. ಒಂದು ಫೋನ್ ನಂಬರಿಗೆ, ಐದು ಭಾಷೆ ಬಲ್ಲ ಕೆಲವು ಜನರಿಗೆ ಎಷ್ಟು ಖರ್ಚಾಗುತ್ತದೆ? ಸುಟ್ಟುಹೋದದ್ದರ ಮುಂದೆ ಅದು ಏನೂ ಅಲ್ಲ. ಬೆಂಕಿಯ ನಂತರ ಬಂದದ್ದು ಬೆಂಕಿಗಿಂತ ಮೊದಲೇ ಬರಬಹುದಿತ್ತು. ನನ್ನ ವಾದವೆಲ್ಲ ಇಷ್ಟೇ.

ನಾಯಕನ ಸಂವಹನ ಎಂದರೆ ವೇದಿಕೆ ಮೇಲೆ ನಿಂತು ಚೆನ್ನಾಗಿ ಭಾಷಣ ಮಾಡುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಯೂಟ್ಯೂಬಿನಲ್ಲಿ ನಾವು ನೋಡುವುದೂ ಅದನ್ನೇ. ಆದರೆ ಸಂಸ್ಥೆಯೊಳಗಿನ ಜನಕ್ಕೆ ಬೇಕಾದದ್ದು ಭಾಷಣವಲ್ಲ. ಅವರಿಗೆ ಬೇಕಾದದ್ದು ನಾಲ್ಕು ಉತ್ತರ: ಏನಾಗುತ್ತಿದೆ, ಏಕೆ ಆಗುತ್ತಿದೆ, ನನಗೆ ಇದರಿಂದ ಏನಾಗುತ್ತದೆ, ನನ್ನ ಮಾತು ಯಾರಿಗೆ ಹೇಳಲಿ?

2014ರ ಜುಲೈ 17ರಂದು ಮೈಕ್ರೋಸಾಫ್ಟ್ ಕಂಪನಿ 18,000 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿ ಹೇಳಿತು. ಅಂದು ಎರಡು ಪತ್ರಗಳು ಹೊರಬಿದ್ದವು. ಒಂದು ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಬರೆದದ್ದು. ಅವರು ಮುಖ್ಯಸ್ಥರಾಗಿ ಆರು ತಿಂಗಳೂ ಆಗಿರಲಿಲ್ಲ. ಆ ಪತ್ರದಲ್ಲಿ ಕಡಿತದ ಸಂಖ್ಯೆ ಆರಂಭದಲ್ಲೇ ಇತ್ತು. ಇನ್ನೊಂದು ನೋಕಿಯಾದಿಂದ ಬಂದಿದ್ದ ಸ್ಟೀಫನ್ ಎಲಾಪ್ ತಮ್ಮ ವಿಭಾಗದವರಿಗೆ ಬರೆದದ್ದು. ಹಗುರವಾದ ನಮಸ್ಕಾರದಿಂದ ಶುರುವಾಗಿ, ಕಂಪನಿಯ ಯೋಜನೆ, ಫೋನುಗಳ ವರ್ಣನೆ ಎಲ್ಲ ಆದ ಮೇಲೆ, ಹನ್ನೊಂದನೆಯ ಪ್ಯಾರಾದಲ್ಲಿ 12,500 ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂಬ ಮಾತು ಬಂತು. ಎರಡೂ ಪತ್ರಗಳ ಸುದ್ದಿ ಕಹಿಯೇ. ಆದರೆ ಎರಡನೆಯದು ಜಗತ್ತಿನಾದ್ಯಂತ ಟೀಕೆಗೆ ಗುರಿಯಾಯಿತು. ಕೆಲಸ ಹೋಗುವವನಿಗೆ ಹತ್ತು ಪ್ಯಾರಾ ಸುತ್ತಾಡಿಸಿ ಸುದ್ದಿ ಕೊಡುವುದು ಅವನನ್ನು ಮನುಷ್ಯನೆಂದು ಎಣಿಸದಂತೆ.

ಇದು ನನಗೆ ದೂರದ ಕಥೆಯಲ್ಲ. ನನ್ನ ಚಿಕ್ಕಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಹೆಸರು ಬೇಡ. ಒಂದು ಸೋಮವಾರ ಬುತ್ತಿ ಕಟ್ಟಿಕೊಂಡು ಹೋದರೆ ಗೇಟು ಮುಚ್ಚಿತ್ತು. ವಾಚ್‌ಮನ್ ‘ನಾಳೆಯಿಂದ ಬರಬೇಡಿ ಅಂದಿದ್ದಾರೆ’ ಎಂದ. ಚಿಕ್ಕಪ್ಪ ಈಗ ಹರಿಹರದಲ್ಲಿ ಬೇರೆ ಕೆಲಸ ಮಾಡುತ್ತಾರೆ, ಹೊಟ್ಟೆಗೆ ಕೊರತೆಯಿಲ್ಲ. ಆದರೆ ಆ ಮಾತು ಬಂದಾಗ ಇಂದಿಗೂ ಅವರ ದನಿ ಬದಲಾಗುತ್ತದೆ. ‘ಕೆಲಸ ಹೋದದ್ದಕ್ಕೆ ದುಃಖವಿಲ್ಲ, ನಷ್ಟ ಅಂದಮೇಲೆ ಅವರಾದರೂ ಏನು ಮಾಡ್ತಾರೆ? ಒಂಬತ್ತು ವರ್ಷ ದುಡಿದವನಿಗೆ ವಾಚ್‌ಮನ್ ಬಾಯಲ್ಲಿ ಹೇಳಿಸಿದರಲ್ಲ’ ಎನ್ನುತ್ತಾರೆ.

ನಮ್ಮ ಊರಕಡೆಯ ಉದ್ಯಮಗಳನ್ನೇ ನೋಡಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮಾಲೀಕ ಒಲೆಯ ಪಕ್ಕದಲ್ಲೇ ನಿಂತಿರುತ್ತಾನೆ. ಭತ್ತದ ಬೆಲೆ ಏರಿದ್ದು, ಮಾರಾಟ ಇಳಿದದ್ದು ಕೆಲಸದವರಿಗೂ ಅದೇ ದಿನ ಗೊತ್ತಾಗುತ್ತದೆ. ಹತ್ತು ಜನರಿರುವಲ್ಲಿ ಸಂವಹನಕ್ಕೆ ಬೇರೆ ವ್ಯವಸ್ಥೆ ಬೇಡ. ನೂರು, ಸಾವಿರ ಜನರಾದಾಗ ಮಾಲೀಕನಿಗೂ ಕಾರ್ಮಿಕನಿಗೂ ನಡುವೆ ಮೇಲ್ವಿಚಾರಕ, ವ್ಯವಸ್ಥಾಪಕ, ಗುತ್ತಿಗೆದಾರ ಎಂದು ಗೋಡೆಗಳು ಏಳುತ್ತವೆ. ಪ್ರತಿ ಗೋಡೆ ದಾಟುವಾಗಲೂ ಸುದ್ದಿ ಸ್ವಲ್ಪ ಸೋರಿಹೋಗುತ್ತದೆ. ಕೆಳಗಿನಿಂದ ಮೇಲೆ ಹೋಗುವ ಸುದ್ದಿಯಂತೂ ಇನ್ನೂ ಹೆಚ್ಚು ಸೋರುತ್ತದೆ. ಸಾಹೇಬರಿಗೆ ಕೆಟ್ಟ ಸುದ್ದಿ ಹೇಳುವ ಧೈರ್ಯ ಯಾರಿಗಿದೆ?

ಹಳೆಯ ಉದ್ಯಮಿಗಳಲ್ಲಿ ಕೆಲವರು ಇದನ್ನು ಅರಿತಿದ್ದರು. ಹರಿಹರದವರಿಗೆ ಕಿರ್ಲೋಸ್ಕರ್ ಹೆಸರು ಹೊಸದಲ್ಲ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸಿ ಈ ಊರನ್ನು ಕೈಗಾರಿಕಾ ಊರನ್ನಾಗಿಸಿತು. ಆ ಕಾರ್ಖಾನೆ ಇಂದು ನಡೆಯುತ್ತಿಲ್ಲ, ಆದರೆ ಯಂತ್ರಪುರ ಎಂಬ ಹೆಸರು ಉಳಿದಿದೆ. ಈ ಉದ್ಯಮ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದವರು. ಅಲ್ಲಿಂದ 1920ರಲ್ಲಿ ‘ಕಿರ್ಲೋಸ್ಕರ್ ಖಬರ್’ ಎಂಬ ಪತ್ರಿಕೆ ಮರಾಠಿಯಲ್ಲಿ ಹೊರಟಿತು. ಕಂಪನಿಯ ಸುದ್ದಿಪತ್ರವಾಗಿ ಶುರುವಾದದ್ದು ಮುಂದೆ ದೊಡ್ಡ ಮಾಸಪತ್ರಿಕೆಯಾಯಿತು. ಬ್ರಿಟಿಷರ ಕಾಲದಲ್ಲಿ, ಒಂದು ಕಾರ್ಖಾನೆ ತನ್ನ ಸುದ್ದಿಯನ್ನು ಇಂಗ್ಲಿಷಿನಲ್ಲಲ್ಲ, ಜನರ ಭಾಷೆಯಲ್ಲಿ ಅಚ್ಚು ಹಾಕಿ ಹಂಚಿತು. ನೂರು ವರ್ಷದ ನಂತರ ನರಸಾಪುರ ಕಲಿತದ್ದೂ ಇದನ್ನೇ.

ಇದಕ್ಕೆ ವಿರುದ್ಧವಾದ ವಾದವೂ ಇದೆ. ವ್ಯಾಪಾರದ ಎಲ್ಲ ಗುಟ್ಟನ್ನೂ ಎಲ್ಲರಿಗೂ ಹೇಳಿದರೆ ಪೈಪೋಟಿಯವರು ಕೇಳಿಸಿಕೊಳ್ಳುವುದಿಲ್ಲವೇ? ಷೇರುಪೇಟೆಯಲ್ಲಿರುವ ಕಂಪನಿಗಳಿಗಂತೂ ಕೆಲವು ಮಾಹಿತಿಯನ್ನು ಮೊದಲೇ ಹೊರಬಿಡಬಾರದೆಂದು ಸೆಬಿಯ ನಿಯಮವಿದೆ. ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಹೇಳಲಾಗದು ಎಂಬುದಕ್ಕೂ ಏನನ್ನೂ ಹೇಳುವುದಿಲ್ಲ ಎಂಬುದಕ್ಕೂ ಅಜಗಜಾಂತರ. ‘ಈ ವಿಷಯ ಈಗ ಹೇಳಲಾರೆ, ಇಂಥ ದಿನ ಹೇಳುತ್ತೇನೆ’ ಎಂದು ಹೇಳಿ, ಆ ದಿನ ಹೇಳಿದರೆ ಸಾಕು, ಜನ ಕಾಯುತ್ತಾರೆ. ಮೌನವಾಗಿದ್ದರೆ ಮಾತ್ರ ಪಠ್ಯಪುಸ್ತಕದ ‘ದ್ರಾಕ್ಷಿಬಳ್ಳಿ’ ಎಲ್ಲೆಡೆ ಹಬ್ಬುತ್ತದೆ. ಗಾಳಿಸುದ್ದಿಗೆ ನಿಲ್ಲಲು ನೆಲ ಬೇಕಿಲ್ಲ, ಮೇಲಿನವರ ಮೌನವೊಂದೇ ಸಾಕು.

ಈಗ ನಮ್ಮ ಕಾಲೇಜಿನ ಮಾತಿಗೆ ಬರುತ್ತೇನೆ, ತಪ್ಪು ನನ್ನದೂ ಇದೆ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯ ಸೂಚನೆಯನ್ನು ಕಚೇರಿಯ ಫಲಕಕ್ಕೆ ಇಂಗ್ಲಿಷಿನಲ್ಲಿ ಹಚ್ಚಿದ್ದರು. ತರಗತಿ ಪ್ರತಿನಿಧಿಯಾದ ನಾನು ಅದರ ಫೋಟೋ ತೆಗೆದು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿಗೆ ಹಾಕಿದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ನಮ್ಮ ತರಗತಿಯ ಒಬ್ಬಳ ಮನೆಯಲ್ಲಿ ಇರುವುದು ಒಂದೇ ಫೋನು, ಅದು ಅಣ್ಣನ ಜೊತೆ ಕೆಲಸಕ್ಕೆ ಹೋಗುತ್ತದೆ. ಅವಳಿಗೆ ವಿಷಯ ತಿಳಿಯುವಾಗ ಎರಡು ದಿನ ಉಳಿದಿತ್ತು. ಆದಾಯ ಪ್ರಮಾಣಪತ್ರ ಎರಡು ದಿನದಲ್ಲಿ ಸಿಗಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. ‘ನನಗೆ ಬಾಯಲ್ಲಿ ಹೇಳಬಹುದಿತ್ತಲ್ಲ’ ಎಂದಳು, ಅಷ್ಟೇ. ಫಲಕಕ್ಕೆ ಹಚ್ಚುವುದು ಬೇರೆ, ಹೇಳುವುದು ಬೇರೆ, ತಲುಪಿದೆಯೇ ಎಂದು ನೋಡುವುದು ಬೇರೆ. ಅಂದು ನಾನು ಮಾಡಿದ್ದು ನರಸಾಪುರದ ವ್ಯವಸ್ಥಾಪಕರು ಮಾಡಿದ ತಪ್ಪಿನ ಚಿಕ್ಕ ರೂಪವೇ.

ನಮ್ಮ ಕಾಲೇಜಿನಲ್ಲಿ ಮನೆಯಲ್ಲಿ ಉರ್ದು ಮಾತಾಡುವವರಿದ್ದಾರೆ, ಕನ್ನಡ ಮಾತಾಡುವವರಿದ್ದಾರೆ, ಪಾಠ ಮಾತ್ರ ಇಂಗ್ಲಿಷಿನಲ್ಲಿ ಓದುವವರಿದ್ದಾರೆ. ಆದ್ದರಿಂದ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ಮತ್ತು ಸಹಪಾಠಿಗಳಲ್ಲಿ ನನ್ನ ಮನವಿ ಮೂರು. ಹಣ, ಪರೀಕ್ಷೆ, ಕೊನೆಯ ದಿನಾಂಕ ಇವುಗಳ ಸೂಚನೆ ಕನ್ನಡದಲ್ಲೂ ಇರಲಿ, ಉರ್ದುವಿನಲ್ಲೂ ಇದ್ದರೆ ಇನ್ನೂ ಒಳ್ಳೆಯದು. ಬೆಳಗಿನ ಮೊದಲ ತರಗತಿಯಲ್ಲಿ ಅದನ್ನು ಬಾಯಲ್ಲಿ ಒಮ್ಮೆ ಹೇಳಿ, ಅಂದು ಬಾರದವರಿಗೆ ಮರುದಿನ ಹೇಳುವ ಹೊಣೆ ತರಗತಿ ಪ್ರತಿನಿಧಿಗೆ ಇರಲಿ. ಮತ್ತು ವಿದ್ಯಾರ್ಥಿಗಳ ಮಾತು ಮೇಲೆ ಹೋಗಲು ಹೆಸರು ಬರೆಯದೆ ಚೀಟಿ ಹಾಕುವ ಒಂದು ಪೆಟ್ಟಿಗೆ ಇರಲಿ, ತಿಂಗಳಿಗೊಮ್ಮೆ ಅದನ್ನು ತೆರೆದು ಎಲ್ಲರೆದುರು ಉತ್ತರ ಹೇಳಲಿ. ಉತ್ತರ ‘ಆಗುವುದಿಲ್ಲ’ ಎಂದಿದ್ದರೂ ಪರವಾಗಿಲ್ಲ, ಏಕೆ ಆಗುವುದಿಲ್ಲ ಎಂದು ಹೇಳಿದರಾಯಿತು.

ನಮ್ಮಲ್ಲಿ ಕೆಲವರು ನಾಳೆ ಅಂಗಡಿ ಇಡುತ್ತೇವೆ, ಕೆಲವರು ಕಂಪನಿಗಳಲ್ಲಿ ಮೇಲಿನ ಕುರ್ಚಿಗೆ ಹೋಗುತ್ತೇವೆ. ಅಂದು ನಾವೇ ಅಣೆಕಟ್ಟೆಯ ಮೇಲೆ ನಿಂತವರಾಗಿರುತ್ತೇವೆ. ಗೇಟು ಎತ್ತುವ ಅಧಿಕಾರ ನಮ್ಮ ಕೈಯಲ್ಲಿರುತ್ತದೆ. ಕೆಳಗೆ ಒಂದು ಊರಿದೆ, ಅಲ್ಲಿ ದನ ಕಟ್ಟಿದ್ದಾರೆ, ಪೈರು ಇಟ್ಟಿದ್ದಾರೆ, ಒಬ್ಬ ಹುಡುಗಿ ನಾಳೆ ಕಾಲೇಜಿಗೆ ಹೋಗಬೇಕಿದೆ ಎಂಬುದು ಆಗ ನೆನಪಿರಲಿ. ಗೇಟು ಎತ್ತುವ ಮೊದಲು ಅವರಿಗೆ ತಿಳಿಯುವ ಮಾತಿನಲ್ಲಿ ಒಂದು ಸುದ್ದಿ ಕಳಿಸೋಣ.

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ